ಮೊಡವೆ ಏಳುವ ಮುಖಕ್ಕೆ ಫೇಸ್‌ವಾಶ್: ಟ್ಯೂಬಿನ ಹಿಂಬದಿಯ ಪಟ್ಟಿಯನ್ನು ಓದುವುದು ಹೇಗೆ?

ಪ್ರಶ್ನೆ

ನನ್ನದು ಜಿಡ್ಡಿನ ಚರ್ಮ. ಹಣೆ, ಮೂಗು ಮತ್ತು ಗದ್ದದ ಮೇಲೆ ಬ್ಲ್ಯಾಕ್‌ಹೆಡ್‌ಗಳು ಸದಾ ಇರುತ್ತವೆ. ಆಗಾಗ ಕೆಂಪಗೆ ಊದಿಕೊಂಡ, ಮುಟ್ಟಿದರೆ ನೋಯುವ ಮೊಡವೆಗಳೂ ಏಳುತ್ತವೆ. ಇಷ್ಟೊಂದು ಜಿಡ್ಡಿದ್ದರೂ ಮುಖ ತೊಳೆದ ಸ್ವಲ್ಪ ಹೊತ್ತಿಗೇ ಕೆನ್ನೆಯ ಚರ್ಮ ಬಿಗಿದುಕೊಂಡು ಉರಿಯತೊಡಗುತ್ತದೆ. ಇದು ಏಕೆಂದು ನನಗೆ ತಿಳಿಯುತ್ತಿಲ್ಲ.

ಈಗ ನನ್ನ ಬಳಿ ಎರಡು ಟ್ಯೂಬುಗಳಿವೆ. ಮೊದಲನೆಯದರ ಮುಂಬದಿಯಲ್ಲಿ ‘ಮೊಡವೆಗಾಗಿ’ ಎಂದು ದಪ್ಪ ಅಕ್ಷರಗಳಲ್ಲಿದೆ. ಅದರ ಹಿಂಬದಿಯ ಪಟ್ಟಿ ಹೀಗಿದೆ: ನೀರು, ಮೈರಿಸ್ಟಿಕ್ ಆಮ್ಲ, ಗ್ಲಿಸರಿನ್, ಸ್ಟಿಯರಿಕ್ ಆಮ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಲಾರಿಕ್ ಆಮ್ಲ, ಗ್ಲೈಕಾಲ್ ಡೈಸ್ಟಿಯರೇಟ್, ಸುಗಂಧ, ಫಿನಾಕ್ಸಿಎಥನಾಲ್, ಮೆಂಥಾಲ್, ಸ್ಯಾಲಿಸಿಲಿಕ್ ಆಮ್ಲ, ಟೀ ಟ್ರೀ ಎಣ್ಣೆ. ಎರಡನೆಯದರ ಮೇಲೆ ‘ಸೂಕ್ಷ್ಮ ಚರ್ಮಕ್ಕೆ’ ಎಂದಷ್ಟೇ ಇದೆ. ಅದರಲ್ಲಿ ನೀರು, ಗ್ಲಿಸರಿನ್, ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್, ಕೊಕಮಿಡೊಪ್ರೊಪಿಲ್ ಬೀಟೈನ್, ಡೆಸಿಲ್ ಗ್ಲುಕೊಸೈಡ್, ಫಿನಾಕ್ಸಿಎಥನಾಲ್, ನಿಯಾಸಿನಮೈಡ್, ಡೈಸೋಡಿಯಂ ಇಡಿಟಿಎ, ಸಿಟ್ರಿಕ್ ಆಮ್ಲ ಎಂದು ಬರೆದಿದೆ.

ಮೊಡವೆಗೆಂದೇ ತಯಾರಾದ ಮೊದಲನೆಯದನ್ನು ಬಳಸುವುದು ಸಹಜವಾದ ಆಯ್ಕೆ ಎಂದುಕೊಂಡಿದ್ದೆ. ಆದರೆ ಉರಿ ಬರುವುದು ಅದರಿಂದಲೇ. ಎರಡನೆಯದರಲ್ಲಿ ತೆಂಗಿನೆಣ್ಣೆಯಿಂದ ಬಂದ ಪದಾರ್ಥಗಳಿವೆ ಎಂದು ಕೇಳಿದ್ದೇನೆ. ತೆಂಗಿನೆಣ್ಣೆ ರಂಧ್ರಗಳನ್ನು ಮುಚ್ಚುತ್ತದೆ ಎಂದೂ ಕೇಳಿರುವುದರಿಂದ ಅದನ್ನು ಬಳಸಲು ಹಿಂಜರಿಕೆಯಾಗಿದೆ. ‘ಸಲ್ಫೇಟ್ ರಹಿತ’ ಎಂದು ಬರೆದಿದ್ದರೆ ಅದು ಮೃದುವೆಂದು ನಂಬಬಹುದೇ? ಪಟ್ಟಿಯಲ್ಲಿ ಯಾವ ಹೆಸರುಗಳಿಗೆ ಬೆಲೆ ಕೊಡಬೇಕು, ಯಾವುವನ್ನು ಬದಿಗಿಡಬಹುದು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಮೊದಲನೆಯ ಉತ್ತರ

ಸೌಂದರ್ಯವರ್ಧಕಗಳ ತಯಾರಿಕೆಯಲ್ಲಿ ಕೆಲಸ ಮಾಡುವವನಾಗಿ, ನಿಮ್ಮ ಪ್ರಶ್ನೆಯ ಒಂದು ಭಾಗಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಮೊಡವೆಯ ಔಷಧಾಂಶಗಳ ವಿಷಯವನ್ನು ಅದನ್ನು ಬಲ್ಲವರಿಗೆ ಬಿಡುತ್ತೇನೆ.

ಫೇಸ್‌ವಾಶ್ ಮುಖದ ಮೇಲೆ ಇರುವುದು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಆ ಸ್ವಲ್ಪ ಹೊತ್ತಿನಲ್ಲಿ ಚರ್ಮದ ಮೇಲೆ ನಿಜವಾದ ಪರಿಣಾಮ ಬೀರುವುದು ಅದರಲ್ಲಿ ಹೆಚ್ಚು ಪ್ರಮಾಣದಲ್ಲಿರುವ ಪದಾರ್ಥಗಳು, ಎಂದರೆ ಜಿಡ್ಡನ್ನು ನೀರಿನೊಂದಿಗೆ ಬೆರೆಸಿ ತೊಳೆದುಹಾಕುವ ಸರ್ಫ್ಯಾಕ್ಟಂಟುಗಳು. ಮುಂಬದಿಯಲ್ಲಿ ದೊಡ್ಡದಾಗಿ ಅಚ್ಚಾಗುವ ಹೆಸರುಗಳಲ್ಲಿ ಹೆಚ್ಚಿನವು ಪಟ್ಟಿಯ ಬಾಲದಲ್ಲಿರುತ್ತವೆ. ಆದ್ದರಿಂದ ಫೇಸ್‌ವಾಶನ್ನು ಅಳೆಯುವಾಗ ಮೊದಲ ಐದಾರು ಹೆಸರುಗಳನ್ನು ಓದಿ, ಅಲ್ಲಿಯೇ ಅರ್ಧ ತೀರ್ಮಾನಕ್ಕೆ ಬರುವುದು ಸರಿಯಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಟ್ಟಿಯ ನಿಯಮ ಹೆಚ್ಚಿನ ದೇಶಗಳಲ್ಲಿ ಒಂದೇ. ಹೆಚ್ಚು ಪ್ರಮಾಣದಲ್ಲಿರುವುದು ಮೊದಲು, ಕಡಿಮೆ ಇರುವುದು ಅನಂತರ, ಆದರೆ ಶೇ. 1ಕ್ಕಿಂತ ಕಡಿಮೆ ಇರುವ ಪದಾರ್ಥಗಳನ್ನು ತಯಾರಕರು ತಮಗೆ ಬೇಕಾದ ಕ್ರಮದಲ್ಲಿ ಬರೆಯಬಹುದು. ಈ ಶೇ. 1ರ ಗೆರೆ ಪಟ್ಟಿಯಲ್ಲಿ ಕಾಣಿಸುವುದಿಲ್ಲವಾದರೂ ಅದನ್ನು ಊಹಿಸಲು ಒಂದು ದಾರಿಯಿದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಯುರೋಪಿನ ನಿಯಮದ ಪ್ರಕಾರ ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ, ಬೇರೆಡೆಗಳಲ್ಲಿಯೂ ತಯಾರಕರು ಸಾಮಾನ್ಯವಾಗಿ ಆ ಮಿತಿಯಲ್ಲೇ ಇರುತ್ತಾರೆ. ಹಾಗಾಗಿ ಅದರ ನಂತರ ಬರುವ ಹೆಸರುಗಳೆಲ್ಲ ಬಹುತೇಕ ಶೇ. 1ರ ಒಳಗಿನವು ಎಂದು ತಿಳಿಯಬಹುದು. ಕ್ಸಾಂಥನ್ ಗಮ್, ಡೈಸೋಡಿಯಂ ಇಡಿಟಿಎ ಇವೂ ಅಂಥವೇ ಗುರುತುಗಳು. ನಿಮ್ಮ ಮೊದಲನೆಯ ಟ್ಯೂಬಿನಲ್ಲಿ ಸ್ಯಾಲಿಸಿಲಿಕ್ ಆಮ್ಲವೂ ಟೀ ಟ್ರೀ ಎಣ್ಣೆಯೂ ಈ ಗೆರೆಯ ಕೆಳಗಿವೆ, ಸುಗಂಧವು ಅವುಗಳಿಗಿಂತ ಮೇಲಿದೆ. ಕೆಲವು ದೇಶಗಳಲ್ಲಿ ಮೊಡವೆಯ ಔಷಧಾಂಶವನ್ನು ಪಟ್ಟಿಯಿಂದ ಹೊರತೆಗೆದು ಅದರ ಶೇಕಡಾವಾರು ಪ್ರಮಾಣದೊಂದಿಗೆ ಬೇರೆಯಾಗಿಯೇ ಅಚ್ಚು ಮಾಡಬೇಕಾಗುತ್ತದೆ. ಅಂಥ ಪೊಟ್ಟಣ ಸಿಕ್ಕಿದರೆ ಈ ಊಹೆಯ ಅಗತ್ಯವೇ ಇಲ್ಲ.

ಈಗ ಮೊದಲನೆಯ ಟ್ಯೂಬಿನ ಮುಖ್ಯ ಸಂಗತಿಗೆ ಬರೋಣ. ಮೈರಿಸ್ಟಿಕ್, ಸ್ಟಿಯರಿಕ್, ಲಾರಿಕ್ ಎಂಬ ಮೂರೂ ಕೊಬ್ಬಿನಾಮ್ಲಗಳು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪ್ರಬಲವಾದ ಕ್ಷಾರ. ಕೊಬ್ಬಿನಾಮ್ಲವೂ ಕ್ಷಾರವೂ ಕೂಡಿದರೆ ಹುಟ್ಟುವುದು ಸೋಪು. ಪಟ್ಟಿಯಲ್ಲಿ ಸೋಪು ಎಂಬ ಪದ ಎಲ್ಲಿಯೂ ಇಲ್ಲದಿದ್ದರೂ ಟ್ಯೂಬಿನೊಳಗೆ ಇರುವುದು ಕೆನೆಯ ರೂಪದ ಸೋಪೇ. ಬೆರಳಿಗೆ ಹಚ್ಚಿದರೆ ಮುತ್ತಿನ ಹೊಳಪಿನ ಬಿಳಿ ಕೆನೆ, ಸ್ವಲ್ಪ ನೀರು ಸೋಕಿದೊಡನೆ ದಟ್ಟವಾದ ನೊರೆ, ತೊಳೆದ ಮೇಲೆ ಬೆರಳು ಎಳೆದರೆ ‘ಕಿರ್’ ಎನ್ನುವಷ್ಟು ಒಣಗಿದ ಕೆನ್ನೆ: ಈ ಬಗೆಯ ಫೇಸ್‌ವಾಶಿನ ಲಕ್ಷಣಗಳಿವು. ಆ ಹೊಳಪು ಗ್ಲೈಕಾಲ್ ಡೈಸ್ಟಿಯರೇಟಿನದು, ಅದರಿಂದ ಚರ್ಮಕ್ಕೆ ಯಾವ ಉಪಯೋಗವೂ ಇಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪೊಟ್ಯಾಸಿಯಂ ಅಥವಾ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಹೆಸರು ಕಂಡ ಮಾತ್ರಕ್ಕೆ ಅದನ್ನು ಸೋಪೆಂದು ತಿಳಿಯಬಾರದು. ಜೆಲ್ ಗಟ್ಟಿಯಾಗಲು ಅಥವಾ ಪಿ.ಎಚ್. (ಆಮ್ಲೀಯವೋ ಕ್ಷಾರೀಯವೋ ಎಂಬುದರ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ) ಸರಿಹೊಂದಿಸಲು ಅದನ್ನು ಪಟ್ಟಿಯ ಕೊನೆಯಲ್ಲಿ ಕಿಂಚಿತ್ತು ಸೇರಿಸುವುದು ಸಾಮಾನ್ಯ. ಕೊಬ್ಬಿನಾಮ್ಲಗಳೂ ಕ್ಷಾರವೂ ಎರಡೂ ಪಟ್ಟಿಯ ಮೇಲ್ಭಾಗದಲ್ಲಿ ಜೊತೆಯಾಗಿದ್ದರೆ ಮಾತ್ರ ಅದು ಸೋಪು.

ಸೋಪಿನ ಪಿ.ಎಚ್. ಸಾಮಾನ್ಯವಾಗಿ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಆರೋಗ್ಯವಂತ ಚರ್ಮದ ಹೊರಮೈ ಆಮ್ಲೀಯವಾದುದು, ಅದರ ಪಿ.ಎಚ್. ಸುಮಾರು 4.5ರಿಂದ 5.5. ಚರ್ಮದ ಹೊರಪದರದಲ್ಲಿ ಸತ್ತ ಕೋಶಗಳ ನಡುವಿನ ಸ್ನಿಗ್ಧಾಂಶವನ್ನು ಸಿದ್ಧಪಡಿಸುವ ಕಿಣ್ವಗಳು ಕೆಲಸ ಮಾಡಲು ಈ ಆಮ್ಲೀಯತೆಯೇ ಬೇಕು. ಕ್ಷಾರೀಯ ದ್ರಾವಣ ತಗುಲಿದಾಗ ಹೊರಪದರ ಉಬ್ಬಿ, ಸೋಪಿನ ಅಣುಗಳು ಅದರ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ನೀರು ಆರಿದಂತೆ ಪದರ ಕುಗ್ಗಿ ಬಿಗಿಯುತ್ತದೆ. ಸಹಜ ಸ್ನಿಗ್ಧಾಂಶ ತೊಳೆದುಹೋಗಿರುವುದರಿಂದ ಒಳಗಿನ ತೇವವೂ ಬೇಗ ಹೊರಹೋಗುತ್ತದೆ. ನಿಮ್ಮ ಕೆನ್ನೆಯ ಬಿಗಿತಕ್ಕೂ ಉರಿಗೂ ಇದೇ ಕಾರಣವಿರಬೇಕು. ಜಿಡ್ಡು ಹೊರಬರುವುದು ಚರ್ಮದೊಳಗಿನ ಗ್ರಂಥಿಗಳಿಂದ, ತೇವವನ್ನು ಹಿಡಿದಿಡುವುದು ಹೊರಪದರ. ಇವೆರಡೂ ಬೇರೆ ಬೇರೆ ವ್ಯವಸ್ಥೆಗಳಾದುದರಿಂದ ಒಂದೇ ಮುಖ ಜಿಡ್ಡಾಗಿಯೂ ಒಣಗಿಯೂ ಇರುವುದರಲ್ಲಿ ವಿರೋಧವಿಲ್ಲ. ಗಡಸು ನೀರಿನಲ್ಲಿ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಅದರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಕೂಡಿ ನೀರಿನಲ್ಲಿ ಕರಗದ ಕೆನೆಗಸಿಯಾಗಿ ಚರ್ಮದ ಮೇಲೆಯೇ ಉಳಿಯುತ್ತವೆ.

ನಿಮ್ಮ ಎರಡನೆಯ ಟ್ಯೂಬು ಸೋಪಲ್ಲ. ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಚರ್ಮದ ಸಹಜ ಆಮ್ಲೀಯತೆಗೆ ಹತ್ತಿರದ ಪಿ.ಎಚ್.ನಲ್ಲಿಯೂ ಕೆಲಸ ಮಾಡುವ, ಮೃದುವೆಂದು ಹೆಸರಾದ ಸರ್ಫ್ಯಾಕ್ಟಂಟು. ಡೆಸಿಲ್ ಗ್ಲುಕೊಸೈಡ್ ವಿದ್ಯುದಾವೇಶವಿಲ್ಲದ ವರ್ಗಕ್ಕೆ ಸೇರಿದ್ದು, ಅದೂ ಮೃದುವೇ. ಬೀಟೈನಿನ ಪಾತ್ರ ಸ್ವಾರಸ್ಯಕರವಾದುದು. ಸರ್ಫ್ಯಾಕ್ಟಂಟಿನ ಅಣುಗಳು ನೀರಿನಲ್ಲಿ ಗುಂಪುಗೂಡಿ ಮೈಸೆಲ್ ಎಂಬ ಸಣ್ಣ ಗೋಳಗಳಾಗುತ್ತವೆ. ಗುಂಪಿಗೆ ಸೇರದೆ ಒಂಟಿಯಾಗಿ ಉಳಿದ ಅಣುಗಳು ಚರ್ಮದೊಳಗೆ ಸುಲಭವಾಗಿ ಇಳಿದು ಕೆರಳಿಸುತ್ತವೆ. ಬೀಟೈನ್ ಬೆರೆತಾಗ ಗುಂಪುಗಳು ದೊಡ್ಡವಾಗಿ, ಗಟ್ಟಿಯಾಗಿ, ಒಂಟಿ ಅಣುಗಳ ಸಂಖ್ಯೆ ತಗ್ಗುತ್ತದೆ. ಒಂದೇ ಸರ್ಫ್ಯಾಕ್ಟಂಟು ಇರುವ ಫೇಸ್‌ವಾಶಿಗಿಂತ ಎರಡು ಮೂರು ಬಗೆಯವು ಬೆರೆತಿರುವುದು ಸಾಮಾನ್ಯವಾಗಿ ಮೃದುವಾಗಿರುವುದು ಇದರಿಂದಲೇ.

ತೆಂಗಿನೆಣ್ಣೆಯ ಭಯವನ್ನು ನೀವು ಬಿಡಬಹುದು. ‘ಕೊಕೊ’ ಎಂಬ ಮೊದಲಕ್ಷರಗಳು ಹೇಳುವುದು ಅಣುವಿನ ಕೊಬ್ಬಿನ ಬಾಲ ಎಲ್ಲಿಂದ ಬಂತು ಎಂಬುದನ್ನು ಮಾತ್ರ. ಆ ಬಾಲಕ್ಕೆ ನೀರನ್ನು ಪ್ರೀತಿಸುವ ತಲೆಯೊಂದನ್ನು ಜೋಡಿಸಿದ ಮೇಲೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ನೀರಿನೊಂದಿಗೆ ತೊಳೆದುಹೋಗುತ್ತದೆ. ಆದರೆ ಕೊಕಮಿಡೊಪ್ರೊಪಿಲ್ ಬೀಟೈನ್ ಕೆಲವರಿಗೆ ಅಲರ್ಜಿಯನ್ನುಂಟುಮಾಡಬಲ್ಲದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2004ರಲ್ಲಿ ಇದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಬಹುಪಾಲು ಸಂದರ್ಭಗಳಲ್ಲಿ ತೊಂದರೆ ಕೊಡುವುದು ತಯಾರಿಕೆಯ ವೇಳೆ ಅದರಲ್ಲಿ ಉಳಿದುಹೋಗುವ ಅಮೈನುಗಳ ಅಂಶ. ರೆಪ್ಪೆ, ಕತ್ತು, ಕೂದಲಂಚಿನಲ್ಲಿ ತುರಿಕೆಯೂ ಹೊಪ್ಪಳಿಕೆಯೂ ಕಾಣಿಸಿದರೆ ಈ ಹೆಸರನ್ನು ನೆನಪಿಡಿ.

‘ಸಲ್ಫೇಟ್ ರಹಿತ’ ಎಂಬ ಮಾತನ್ನು ಮಾತ್ರ ನೆಚ್ಚಬೇಡಿ. ಸೋಡಿಯಂ ಲಾರಿಲ್ ಸಲ್ಫೇಟ್ ಕಟುವಾದುದು ಎಂಬುದು ನಿಜ. ಚರ್ಮ ಎಷ್ಟು ಕೆರಳುತ್ತದೆ ಎಂಬುದನ್ನು ಅಳೆಯುವ ಪರೀಕ್ಷೆಗಳಲ್ಲಿ ಅದನ್ನೇ ಮಾನದಂಡವಾಗಿ ಹಚ್ಚುತ್ತಾರೆ. ಆದರೆ ಹೆಸರಿನಲ್ಲಿ ಒಂದೆರಡು ಅಕ್ಷರ ಮಾತ್ರ ಬೇರೆಯಾಗಿರುವ ಸೋಡಿಯಂ ಲಾರೆತ್ ಸಲ್ಫೇಟ್ ಅದಕ್ಕಿಂತ ಸೌಮ್ಯ, ಬೀಟೈನಿನೊಂದಿಗೆ ಬೆರೆತರೆ ಇನ್ನಷ್ಟು ಸೌಮ್ಯ. ಅತ್ತ, ಸಲ್ಫೇಟ್ ರಹಿತವೆಂದು ಮಾರಾಟವಾಗುವ ಎಷ್ಟೋ ಫೇಸ್‌ವಾಶುಗಳ ಮೊದಲ ಸಾಲಿನಲ್ಲಿ ಸೋಡಿಯಂ ಸಿ14-16 ಓಲೆಫಿನ್ ಸಲ್ಫೊನೇಟ್ ಇರುತ್ತದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಸಲ್ಫೇಟ್ ಅಲ್ಲವಾದುದರಿಂದ ಬರಹ ಸುಳ್ಳಲ್ಲ, ಆದರೆ ಜಿಡ್ಡನ್ನು ಎಳೆದು ತೆಗೆಯುವ ಶಕ್ತಿಯಲ್ಲಿ ಅದೇನೂ ಹಿಂದೆ ಬೀಳುವುದಿಲ್ಲ. ಮೇಲೆ ಹೇಳಿದ ಸೋಪಿನ ಕೆನೆಯೂ ಸಲ್ಫೇಟ್ ರಹಿತವೇ ಎಂಬುದನ್ನು ಗಮನಿಸಿ.

ಎರಡನೆಯ ಉತ್ತರ

ಮೇಲಿನವರು ತಳಹದಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಔಷಧಶಾಸ್ತ್ರ ಓದಿದವಳು. ಔಷಧಾಂಶಗಳ ಬಗ್ಗೆ ಬರೆಯುತ್ತೇನೆ.

ಮೊಡವೆ ಹುಟ್ಟುವುದು ಚರ್ಮದ ಮೇಲ್ಮೈಯ ಕೊಳೆಯಿಂದಲ್ಲ. ಕೂದಲ ಬುಡದ ಕೋಶಿಕೆಯೊಳಗೆ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿ ಬಾಯಿ ಕಟ್ಟುತ್ತವೆ, ಹಿಂದೆ ಸೀಬಮ್ ಎಂಬ ಜಿಡ್ಡು ತುಂಬಿಕೊಳ್ಳುತ್ತದೆ, ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ, ಇವೆಲ್ಲದರ ಜೊತೆಗೆ ಉರಿಯೂತವೂ ನಡೆದಿರುತ್ತದೆ. ಹಳೆಯ ಬರಹಗಳಲ್ಲಿ ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಎಂದು ಓದಿದ್ದರೆ ಅದೂ ಇದೇ, 2016ರಲ್ಲಿ ಹೆಸರು ಬದಲಾಯಿತು. ಮುಖವನ್ನು ಎಷ್ಟು ಉಜ್ಜಿದರೂ ಕೋಶಿಕೆಯೊಳಗಿನ ಈ ಪ್ರಕ್ರಿಯೆ ನಿಲ್ಲುವುದಿಲ್ಲ. ಬ್ಲ್ಯಾಕ್‌ಹೆಡ್‌ಗಳ ಕಪ್ಪು ಕೂಡ ಕೊಳೆಯಲ್ಲ. ಬಾಯಿ ತೆರೆದ ಕೋಶಿಕೆಯಲ್ಲಿ ತುಂಬಿರುವ ಪದಾರ್ಥದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಮತ್ತು ಗಾಳಿ ಸೋಕಿದ ಜಿಡ್ಡು ಸೇರಿ ಆ ಬಣ್ಣ ಬರುತ್ತದೆ. ಆದ್ದರಿಂದ ಒರಟು ಕಣಗಳಿರುವ ಸ್ಕ್ರಬ್‌ಗಳು ನಿಮ್ಮಂಥ ಚರ್ಮಕ್ಕೆ ಬೇಡ. ಅವು ಊದಿದ ಮೊಡವೆಯನ್ನು ಇನ್ನಷ್ಟು ಕೆರಳಿಸುತ್ತವೆ.

ಕೋಶಿಕೆಯೊಳಗೆ ಇಳಿಯಬಲ್ಲ ಔಷಧಾಂಶಗಳಲ್ಲಿ ಫೇಸ್‌ವಾಶಿನಲ್ಲಿ ಅರ್ಥಪೂರ್ಣವಾಗಿ ಬಳಕೆಯಲ್ಲಿರುವವು ಮುಖ್ಯವಾಗಿ ಎರಡು.

ಸ್ಯಾಲಿಸಿಲಿಕ್ ಆಮ್ಲ ಜಿಡ್ಡಿನಲ್ಲಿ ಕರಗುತ್ತದೆ. ಅಂಟಿಕೊಂಡ ಕೋಶಗಳನ್ನು ಸಡಿಲಿಸುತ್ತದೆ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್‌ಗಳಿಗೆ ಇದು ಹೆಚ್ಚು ಹೊಂದುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರುವ ಮೊಡವೆ ಉತ್ಪನ್ನಗಳಲ್ಲಿ ಶೇ. 0.5ರಿಂದ 2ರವರೆಗಿನ ಪ್ರಮಾಣಕ್ಕೆ ಅಮೆರಿಕದಲ್ಲಿ ಅನುಮತಿಯಿದೆ. ಆದರೆ ಪ್ರಮಾಣದಷ್ಟೇ ಮುಖ್ಯವಾದುದು ಪಿ.ಎಚ್. ಚರ್ಮದೊಳಗೆ ಸುಲಭವಾಗಿ ಇಳಿಯುವುದು ಅಯಾನಾಗಿ ಒಡೆಯದೆ ಇಡಿಯಾಗಿ ಉಳಿದ ಆಮ್ಲ. ಪಿ.ಎಚ್. 3ರ ಹತ್ತಿರದಲ್ಲಿ ಅರ್ಧದಷ್ಟು ಆಮ್ಲ ಹಾಗಿರುತ್ತದೆ, 4ರಲ್ಲಿ ಸುಮಾರು ಹತ್ತರಲ್ಲೊಂದು ಪಾಲು, 9ರಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ನಿಮ್ಮ ಮೊದಲನೆಯ ಟ್ಯೂಬಿನ ಸೋಪಿನೊಳಗೆ ಸ್ಯಾಲಿಸಿಲಿಕ್ ಆಮ್ಲ ಇದೆಯೆಂದು ಬರೆದಿದ್ದರೂ ಅದು ಉಪ್ಪಿನ ರೂಪಕ್ಕೆ ತಿರುಗಿರುತ್ತದೆ. ಮೊಡವೆಗೆಂದು ಹೇಳಿ ಇಂಥ ಸೂತ್ರವನ್ನು ಮಾರುವುದು ನನಗೆ ಸರಿಯೆನಿಸುವುದಿಲ್ಲ. ಏಕೆಂದರೆ ಕೊಂಡವರಿಗೆ ಆಮ್ಲದ ಪ್ರಯೋಜನ ದೊರೆಯುವುದಿಲ್ಲ, ಸೋಪಿನ ಕ್ಷಾರ ಮಾತ್ರ ತಪ್ಪುವುದಿಲ್ಲ. ಆಸ್ಪಿರಿನ್ ಅಲರ್ಜಿ ಇರುವವರು ಸ್ಯಾಲಿಸಿಲಿಕ್ ಆಮ್ಲವನ್ನು ವೈದ್ಯರನ್ನು ಕೇಳಿಯೇ ಬಳಸಬೇಕು.

ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕೆಂಪಗೆ ಊದಿದ, ಕೀವು ತುಂಬಿದ ಮೊಡವೆಗಳಿಗೆ ಇದರ ಉಪಯೋಗ ಹೆಚ್ಚು. ಆ್ಯಂಟಿಬಯಾಟಿಕ್‌ಗಳಿಗೆ ಈ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವಂತೆ ಇದಕ್ಕೆ ಒಗ್ಗಿಕೊಂಡದ್ದು ಕಂಡುಬಂದಿಲ್ಲ. ಹಚ್ಚುವ ಆ್ಯಂಟಿಬಯಾಟಿಕ್‌ನೊಂದಿಗೆ ವೈದ್ಯರು ಇದನ್ನು ಜೋಡಿಸಿ ಕೊಡುವುದಕ್ಕೆ ಅದೇ ಕಾರಣ. ಶೇ. 2.5, 5 ಮತ್ತು 10ರ ಪ್ರಮಾಣಗಳಲ್ಲಿ ಸಿಗುತ್ತದೆ. ಹಚ್ಚಿ ಬಿಡುವ ಜೆಲ್ ರೂಪದಲ್ಲಿ ಹೋಲಿಸಿ ನೋಡಿದಾಗ ಶೇ. 2.5ರದು ಊದಿದ ಮೊಡವೆಗಳನ್ನು ಶೇ. 10ರಷ್ಟೇ ತಗ್ಗಿಸಿ, ಉರಿಯನ್ನು ಕಡಿಮೆ ಉಂಟುಮಾಡಿತ್ತು. ಹೆಚ್ಚು ಸಂಖ್ಯೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಫೇಸ್‌ವಾಶಾಗಿ ಬಳಸುವವರು ಲೇಬಲ್ಲಿನ ಸೂಚನೆಯಂತೆ ಒಂದೆರಡು ನಿಮಿಷ ಮುಖದ ಮೇಲೆ ಬಿಟ್ಟು ತೊಳೆಯುವುದು ಒಳ್ಳೆಯದು. ಹಚ್ಚಿದೊಡನೆ ತೊಳೆದರೆ ಔಷಧಕ್ಕೆ ಕೆಲಸ ಮಾಡಲು ಅವಕಾಶವೇ ಸಿಗುವುದಿಲ್ಲ. ಇದು ಬಟ್ಟೆಯ ಬಣ್ಣವನ್ನು ಕಳೆಯುತ್ತದೆ. ಬಣ್ಣದ ಟವೆಲ್ಲಿನಲ್ಲಿ ಮುಖ ಒರೆಸಿದರೆ ಕಿತ್ತಳೆಯೋ ಬಿಳಿಯೋ ಆದ ಕಲೆಗಳು ಮೂಡುತ್ತವೆ, ಅವು ಒಗೆದರೂ ಹೋಗುವುದಿಲ್ಲ, ಏಕೆಂದರೆ ಅಲ್ಲಿ ಬಣ್ಣವೇ ಉಳಿದಿರುವುದಿಲ್ಲ. ಬಿಳಿ ಟವೆಲ್ಲನ್ನೇ ಇಟ್ಟುಕೊಳ್ಳಿ. ಇನ್ನೊಂದು ಮಾತು: ಬಿಸಿಯಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಒಡೆದು ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ಉಂಟಾಗಬಹುದು. ಆದ್ದರಿಂದ ಟ್ಯೂಬನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ನಿಲ್ಲಿಸಿದ ಕಾರಿನಲ್ಲಿ ಇಡಬಾರದು. ಅವಧಿ ಮುಗಿದುದನ್ನು ಬಳಸಬಾರದು.

ಉಳಿದ ಹೆಸರುಗಳನ್ನು ಬೇಗ ಮುಗಿಸುತ್ತೇನೆ. ಟೀ ಟ್ರೀ ಎಣ್ಣೆಯ ಬಗ್ಗೆ ಆಧಾರವಿಲ್ಲವೆಂದಲ್ಲ. 1990ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಶೇ. 5ರ ಟೀ ಟ್ರೀ ಜೆಲ್ ನಿಧಾನವಾಗಿಯಾದರೂ ಮೊಡವೆಗಳನ್ನು ತಗ್ಗಿಸಿತ್ತು. ಆದರೆ ಅದು ಮುಖದ ಮೇಲೆ ಬಿಡುವ ಶೇ. 5ರ ಜೆಲ್, ಸುಗಂಧಕ್ಕಿಂತ ಕೆಳಗೆ ಹೆಸರಿರುವ, ಅರೆ ನಿಮಿಷದಲ್ಲಿ ತೊಳೆದುಹೋಗುವ ಹನಿಗೆ ಆ ಫಲವನ್ನು ಆರೋಪಿಸಲಾಗದು. ಗಾಳಿಗೆ ಒಡ್ಡಿಕೊಂಡು ಹಳತಾದ ಟೀ ಟ್ರೀ ಎಣ್ಣೆ ಅಲರ್ಜಿಯನ್ನೂ ತರುತ್ತದೆ. ನಿಯಾಸಿನಮೈಡ್ ಒಳ್ಳೆಯ ಪದಾರ್ಥವೇ, ಆದರೆ ಅದನ್ನು ಹಚ್ಚಿಕೊಂಡು ಬಿಡುವ ಸೀರಮ್ಮಿನಲ್ಲೋ ಕ್ರೀಮಿನಲ್ಲೋ ಪಡೆಯಿರಿ. ವಿಟಮಿನ್ ಸಿ, ಇದ್ದಿಲು, ಹಣ್ಣಿನ ಸಾರಗಳಿಗಾಗಿ ಫೇಸ್‌ವಾಶನ್ನು ಆರಿಸಬೇಡಿ. ಮೆಂಥಾಲಿನ ತಂಪು ನರಗಳಿಗೆ ಆಗುವ ಅನುಭವ ಮಾತ್ರ. ಅದರಿಂದ ಮುಖ ಹೆಚ್ಚು ಶುಚಿಯಾಗುವುದಿಲ್ಲ, ಕೆರಳಿದ ಚರ್ಮಕ್ಕೆ ಉರಿ ಹೆಚ್ಚುತ್ತದೆ. ಗ್ಲಿಸರಿನ್ ಮಾತ್ರ ತೊಳೆಯುವ ಉತ್ಪನ್ನದಲ್ಲಿಯೂ ಸ್ವಲ್ಪ ನೆರವಾಗುತ್ತದೆ, ಅದು ಪಟ್ಟಿಯ ಎರಡನೆಯ ಮೂರನೆಯ ಸ್ಥಾನದಲ್ಲಿದ್ದರೆ ಒಳ್ಳೆಯ ಲಕ್ಷಣ. ‘ಬ್ಯಾಕ್ಟೀರಿಯಾ ನಾಶಕ’ ಸೋಪನ್ನು ಮುಖಕ್ಕೆ ಬಳಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟ್ರೈಕ್ಲೋಸಾನ್ ಸೇರಿದಂತೆ 19 ಪದಾರ್ಥಗಳಿಗೆ ಗೃಹಬಳಕೆಯ ಅಂಥ ಸೋಪುಗಳಲ್ಲಿ ಅವಕಾಶವಿಲ್ಲವೆಂದು 2016ರಲ್ಲಿಯೇ ತೀರ್ಮಾನಿಸಿತು. ಸಾಮಾನ್ಯ ಸೋಪು ನೀರಿಗಿಂತ ಅವು ಹೆಚ್ಚು ಪರಿಣಾಮಕಾರಿ ಎಂಬುದಕ್ಕೂ, ದೀರ್ಘಕಾಲದ ಬಳಕೆಗೆ ಸುರಕ್ಷಿತ ಎಂಬುದಕ್ಕೂ ತಯಾರಕರಿಂದ ಸಾಕಷ್ಟು ಪುರಾವೆ ಬಂದಿರಲಿಲ್ಲ.

ಮೂರನೆಯ ಉತ್ತರ

ಎರಡು ಅಂಶಗಳನ್ನು ಸೇರಿಸಬಯಸುತ್ತೇನೆ.

‘ನಾನ್-ಕೊಮೆಡೋಜೆನಿಕ್’, ಎಂದರೆ ರಂಧ್ರ ಮುಚ್ಚುವುದಿಲ್ಲ ಎಂಬ ಬರಹಕ್ಕೆ ಎಲ್ಲರೂ ಒಪ್ಪಿದ ಒಂದು ನಿಶ್ಚಿತ ಪರೀಕ್ಷೆ ಇಲ್ಲ. ಅಂತರ್ಜಾಲದಲ್ಲಿ ಓಡಾಡುವ, ಪ್ರತಿ ಪದಾರ್ಥಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಪಟ್ಟಿಗಳ ಮೂಲ ಮೊಲದ ಕಿವಿಯ ಒಳಮೈಗೆ ಪದಾರ್ಥವನ್ನು ಮತ್ತೆ ಮತ್ತೆ ಹಚ್ಚಿ ಬಿಟ್ಟು ನೋಡಿದ ಹಳೆಯ ಪ್ರಯೋಗಗಳು. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬಹಳ ಬೇಗ ಪ್ರತಿಕ್ರಿಯಿಸುತ್ತದೆ. ಅಲ್ಲದೆ ಶುದ್ಧ ರೂಪದಲ್ಲಿ ಹಚ್ಚಿದ ಪದಾರ್ಥವೂ ಸೂತ್ರವೊಂದರಲ್ಲಿ ಸ್ವಲ್ಪವೇ ಬೆರೆತ ಅದೇ ಪದಾರ್ಥವೂ ಒಂದೇ ರೀತಿ ವರ್ತಿಸುವುದಿಲ್ಲ. ತೊಳೆದುಹಾಕುವ ಉತ್ಪನ್ನಕ್ಕಂತೂ ಆ ಅಂಕಗಳನ್ನು ಅನ್ವಯಿಸುವುದರಲ್ಲಿ ಅರ್ಥವಿಲ್ಲ. ಸನ್‌ಸ್ಕ್ರೀನ್, ಮೇಕಪ್ ಮೊದಲಾದ ದಿನವಿಡೀ ಉಳಿಯುವ ಉತ್ಪನ್ನಗಳಲ್ಲಿ ಆ ಬರಹಕ್ಕೆ ಅಷ್ಟಿಷ್ಟು ಬೆಲೆ ಕೊಡಬಹುದು.

ಇನ್ನು ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ತುರಿಕೆಯೂ ಇದ್ದು, ಅಲ್ಲಿ ಬ್ಲ್ಯಾಕ್‌ಹೆಡ್‌ಗಳು ಇಲ್ಲದಿದ್ದರೆ ಅದು ಮೊಡವೆಯೇ ಆಗಿರಬೇಕೆಂದಿಲ್ಲ. ಮಲಸೇಜಿಯಾ ಎಂಬ ಯೀಸ್ಟಿನಿಂದ ಕೂದಲ ಕೋಶಿಕೆಗಳು ಊದಿದಾಗಲೂ ಹಾಗೆ ಕಾಣುತ್ತದೆ. ಅದಕ್ಕೆ ಬೇಕಾದುದು ಕೀಟೋಕೊನಜೋಲ್‌ನಂಥ ಶಿಲೀಂಧ್ರನಾಶಕ. ಆ್ಯಂಟಿಬಯಾಟಿಕ್ ತೆಗೆದುಕೊಂಡರೆ ಅದು ಹೆಚ್ಚಾಗಲೂಬಹುದು. ಪ್ರಶ್ನೆ ಕೇಳಿದವರ ವಿವರಣೆಯಲ್ಲಿ ಬ್ಲ್ಯಾಕ್‌ಹೆಡ್‌ಗಳಿರುವುದರಿಂದ ಅವರದು ಇದಲ್ಲವೆಂದು ತೋರುತ್ತದೆ. ಇದನ್ನು ಓದುವ ಬೇರೆಯವರಿಗೆ ಉಪಯೋಗವಾಗಲೆಂದು ಬರೆದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮೈರಿಸ್ಟಿಕ್ ಆಮ್ಲವೂ ಪೊಟ್ಯಾಸಿಯಂ ಹೈಡ್ರಾಕ್ಸೈಡೂ ಕೂಡಿದರೆ ಸೋಪು ಎಂಬುದು ಗೊತ್ತಾದ ಮೇಲೆ ಮನೆಯಲ್ಲಿರುವ ಬೇರೆ ಟ್ಯೂಬುಗಳ ಹಿಂಬದಿಯನ್ನೂ ಓದಿದೆ. ‘ಸೌಮ್ಯ’ ಎಂದು ಮುಂಬದಿಯಲ್ಲಿರುವ ಇನ್ನೊಂದರಲ್ಲಿಯೂ ಅದೇ ಜೋಡಿ ಕಾಣಿಸಿತು.

ಒಂದು ಸಂಗತಿಯನ್ನು ಮೊದಲು ಹೇಳಿರಲಿಲ್ಲ. ಚರ್ಮರೋಗ ತಜ್ಞರು ರಾತ್ರಿ ಹಚ್ಚಲು ಶೇ. 0.1ರ ಅಡಾಪಲೀನ್ ಜೆಲ್ ಬರೆದುಕೊಟ್ಟಿದ್ದಾರೆ, ಇನ್ನೂ ಆರಂಭಿಸಿಲ್ಲ. ಅದರ ಜೊತೆಗೆ ಬೆಳಿಗ್ಗೆ ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್, ರಾತ್ರಿ ಬೆಂಜಾಯಿಲ್ ಪೆರಾಕ್ಸೈಡಿನದು ಎಂದು ಎರಡನ್ನೂ ಇಟ್ಟುಕೊಂಡರೆ ಗುಣ ಬೇಗ ಕಾಣಬಹುದೇ?

ಎರಡನೆಯ ಉತ್ತರ ಬರೆದವರಿಂದ

ಬೇಡ. ಅಡಾಪಲೀನ್ ಕೋಶಿಕೆಯ ಬಾಯಿ ಕಟ್ಟುವುದನ್ನೇ ತಡೆಯುವ ಔಷಧ. ಸ್ಯಾಲಿಸಿಲಿಕ್ ಆಮ್ಲದಿಂದ ನೀವು ಬಯಸುತ್ತಿರುವ ಕೆಲಸವನ್ನು ಅದು ಹೆಚ್ಚು ಸಮರ್ಥವಾಗಿ ಮಾಡುತ್ತದೆ. ಆದರೆ ಮೊದಲ ಕೆಲವು ವಾರಗಳಲ್ಲಿ ಚರ್ಮ ಕೆಂಪಾಗುವುದು, ಒಣಗುವುದು, ಸಣ್ಣಗೆ ಸಿಪ್ಪೆ ಏಳುವುದು ಸಾಮಾನ್ಯ. ಆ ದಿನಗಳಲ್ಲಿ ಮೂರೂ ಒಟ್ಟಿಗೆ ಸೇರಿದರೆ ನಿಮ್ಮ ಕೆನ್ನೆ ತಡೆದುಕೊಳ್ಳದು. ಉರಿ ತಾಳಲಾರದೆ ಜನರು ಮೊದಲು ನಿಲ್ಲಿಸುವುದು ಅಡಾಪಲೀನನ್ನು, ಎಂದರೆ ಮೂರರಲ್ಲಿ ಹೆಚ್ಚು ಉಪಯೋಗವಿದ್ದುದನ್ನೇ. ಆದ್ದರಿಂದ ನಿಮ್ಮ ಎರಡನೆಯ ಟ್ಯೂಬನ್ನೇ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಳಸಿ. ಬೆವರಿದ ಮೇಲೆ ಇನ್ನೊಮ್ಮೆ ಮುಖ ತೊಳೆಯಬಹುದು. ನೀರು ಉಗುರುಬೆಚ್ಚಗಿರಲಿ, ಬೆರಳ ತುದಿಯಿಂದಲೇ ಹಚ್ಚಿ, ಟವೆಲ್ಲನ್ನು ಒತ್ತಿ ಒರೆಸಿಕೊಳ್ಳಿ. ಬೆಳಿಗ್ಗೆ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ತಪ್ಪಿಸಬೇಡಿ.

ರಾತ್ರಿ ಮುಖ ಸಂಪೂರ್ಣ ಆರಿದ ಮೇಲೆ ಬಟಾಣಿ ಗಾತ್ರದ ಜೆಲ್ಲನ್ನು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಿ. ಮೊಡವೆಯ ಮೇಲೆ ಮಾತ್ರ ಚುಕ್ಕಿಯಿಡುವುದರಿಂದ ಮುಂದೆ ಏಳಲಿರುವವು ತಪ್ಪುವುದಿಲ್ಲ. ಕಣ್ಣಿನ ಸುತ್ತ, ತುಟಿಯ ಮೂಲೆ, ಮೂಗಿನ ಹೊಳ್ಳೆಯ ಮಡಿಕೆಗಳನ್ನು ಬಿಡಿ. ಉರಿ ಹೆಚ್ಚಾದರೆ ವೈದ್ಯರಿಗೆ ತಿಳಿಸಿ ದಿನ ಬಿಟ್ಟು ದಿನ ಹಚ್ಚುವುದು, ಕೆಳಗೊಂದು ಪದರ ಮಾಯಿಶ್ಚರೈಸರ್ ಹಚ್ಚಿಕೊಳ್ಳುವುದು ರೂಢಿಯಲ್ಲಿದೆ. ಗುಣ ಕಾಣಲು ಎಂಟರಿಂದ ಹನ್ನೆರಡು ವಾರಗಳು ಬೇಕು; ಅದಕ್ಕೂ ಮೊದಲು ಮೊಡವೆ ಸ್ವಲ್ಪ ಹೆಚ್ಚಿದಂತೆ ಕಂಡರೂ ನಿಲ್ಲಿಸಬೇಡಿ. ಚರ್ಮ ಒಗ್ಗಿಕೊಂಡ ಮೇಲೆಯೂ ಊದಿದ ಮೊಡವೆಗಳು ಉಳಿದಿದ್ದರೆ ಆಗ ಶೇ. 2.5ರ ಬೆಂಜಾಯಿಲ್ ಪೆರಾಕ್ಸೈಡನ್ನು ಬೆಳಗಿನ ಹೊತ್ತಿಗೆ ಸೇರಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಗರ್ಭಿಣಿಯಾಗಿದ್ದರೆ, ಅಥವಾ ಆ ಯೋಚನೆಯಿದ್ದರೆ, ಅಡಾಪಲೀನ್ ಆರಂಭಿಸುವ ಮೊದಲೇ ಅವರಿಗೆ ಹೇಳಬೇಕು.

ಮೊದಲನೆಯ ಟ್ಯೂಬು ಕೈ ತೊಳೆಯಲು ಆಗುತ್ತದೆ.